ನಿಲ್ಲಿಸಿದ್ದನ್ನು ಯಾರು ಶುರುಮಾಡಬೇಕು

ಮಾರ್ಚ್ 3, ಸೋಮವಾರ

ಕೊಡುತ್ತೇವೆ ಎಂದದ್ದನ್ನೂ ಕೊಡದೆ ಹೋದದ್ದನ್ನೂ ಮರೆಯುವ ಮೊದಲು ಬರೆದಿಡುತ್ತೇನೆ.

ಆರು ತಿಂಗಳಾದ ಮೇಲೆ ಈ ಹೊಸ ಕೆಲಸ ಕಾಯಂ ಎಂದರು ಕಂಪನಿಯವರು. ಇವತ್ತು ಮತ್ತೆ ಆರು ತಿಂಗಳ ಕರಾರಿಗೆ ಸಹಿ ಹಾಕಿಸಿಕೊಂಡರು.

ಗಾಳಿ ಬೆಳಕಿನ ಕೋಣೆ ಎಂದರು. ಕಿಟಕಿ ಇದೆ. ಅದಕ್ಕೆ ಅಡ್ಡವಾಗಿ ಕಬ್ಬಿಣದ ಬೀರು ನಿಂತಿದೆ.

ದಿನಕ್ಕೆ ಎಂಟು ವಿವರಣೆ ಓದಿದರೆ ಸಾಕು ಎಂದರು. ಈಗ ಇಪ್ಪತ್ತು ಓದಿಸುತ್ತಾರೆ.

ಅಂಕ ಕೊಡುವ ಮೊದಲು ಪ್ರತಿ ವಿವರಣೆಯನ್ನೂ ಒಂದು ಅಣಕು ಕರೆಯಲ್ಲಿ ಓಡಿಸಿ ನೋಡಬಹುದು ಎಂದರು. ಎರಡನೇ ತಿಂಗಳಿಗೇ ಅದನ್ನು ಕಿತ್ತು ಹಾಕಿದರು. ಸಮಯ ದಂಡವಂತೆ.

ಅನಿಸಿದ್ದನ್ನು ಹೇಳಿದವರಿಗೆ ತೊಂದರೆಯಿಲ್ಲ ಎಂದರು. ಅನಿಸಿದ್ದನ್ನು ಹೇಳಿದವನು ಹೋದ ತಿಂಗಳಿಂದ ಮನೆಯಲ್ಲಿದ್ದಾನೆ.

ಬೈಗುಳವೆಲ್ಲ ಈ ಪುಟಗಳಿಗೆ. ಹೊರಗೆ ನಾನು ಬಾಯಿ ಬಿಡುವವಳಲ್ಲ. ಅಮ್ಮ ಗಿರಣಿಯಲ್ಲಿದ್ದಾಗ ಸಭೆ, ಧರಣಿ, ಮೆರವಣಿಗೆ ಎಂದು ಬೀದಿ ಅಲೆದು ಗಳಿಸಿದ್ದೇನು? ಮಗ್ಗದ ಸದ್ದು ಅವಳ ಕಿವಿ ತಿಂದಿತು, ಆಮೇಲೆ ಗಿರಣಿಯೂ ಮುಚ್ಚಿತು. ನಾನು ಯಾವ ಸಭೆಗೂ ಹೋಗುವುದಿಲ್ಲ. ತಲೆ ತಗ್ಗಿಸಿ ಓದುತ್ತೇನೆ, ಅಂಕ ಕೊಡುತ್ತೇನೆ, ಮನೆಗೆ ಬರುತ್ತೇನೆ.

ಮಾರ್ಚ್ 5, ಬುಧವಾರ

ಊಟದ ಹೊತ್ತಿಗೆ ಅಮ್ಮ ಕೇಳಿದಳು. "ದಿನಾ ಹೋಗಿ ಅಲ್ಲಿ ಮಾಡೋದಾದ್ರೂ ಏನೇ ನೀನು?"

ಅಮ್ಮನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಮೆಲ್ಲಗೆ ಹೇಳಿದರೆ ಕೇಳಿಸುವುದೂ ಇಲ್ಲ. ಹಾಗಾಗಿ ನನ್ನ ಕೆಲಸ ಏನೆಂದು ಇವತ್ತು ಇಡೀ ವಠಾರಕ್ಕೆ ತಿಳಿಯಿತು.

ಉಸಿರಾಟದ ಕಾಯಿಲೆಯವರ ಮನೆಗೆ ಆಕ್ಸಿಜನ್ ಸಿಲಿಂಡರ್ ಕಳಿಸುವ ಕಂಪನಿ ನಮ್ಮದು. ಮೊದಲು ರೋಗಿಗಳು ಫೋನ್ ಮಾಡಿದರೆ ನಾವು ಎತ್ತುತ್ತಿದ್ದೆವು. ಈಗ ಎಐ ಏಜೆಂಟ್ ಎತ್ತುತ್ತದೆ. ಮಾತು ಕೇಳಿಸಿಕೊಂಡು ಏನು ಮಾಡಬೇಕೆಂದು ತಾನೇ ತೀರ್ಮಾನಿಸುತ್ತದೆ. ಆದರೆ ಅದಕ್ಕೆ ಸ್ವಂತ ಕೈಯಿಲ್ಲ, ಟೂಲ್‌ಗಳೇ ಕೈ. ಸಿಲಿಂಡರ್ ಕಳಿಸಲು ಒಂದು ಟೂಲ್, ವಿಳಾಸ ಬದಲಿಸಲು ಒಂದು, ಸರಬರಾಜು ನಿಲ್ಲಿಸಲು ಇನ್ನೊಂದು. ಪ್ರತಿ ಟೂಲಿನ ಬಗ್ಗೆ ನಾಲ್ಕೈದು ಸಾಲಿನ ವಿವರಣೆ ಬರೆದಿರುತ್ತಾರೆ. ಏಜೆಂಟಿಗೆ ಆ ಟೂಲಿನ ಬಗ್ಗೆ ಗೊತ್ತಿರುವುದು ಅಷ್ಟೇ. ಆ ಸಾಲುಗಳು ಅದಕ್ಕೆ ಸಾಕೋ ಸಾಲವೋ ಎಂದು ಓದಿ ಅಂಕ ಕೊಡುವುದು ನಮ್ಮ ಕೆಲಸ. ಈ ಟೂಲ್ ಏನು ಮಾಡುತ್ತದೆ, ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಏನೇನು ಒದಗಿಸಬೇಕು, ಆಮೇಲೆ ಏನಾಗುತ್ತದೆ. ಐದು ಪ್ರಶ್ನೆಗೆ ಐದು ಅಂಕ.

"ಅಂದ್ರೆ ನಿಮ್ಮ ಹೊಟ್ಟೆ ಮೇಲೆ ಹೊಡೆದೋನಿಗೆ ನೀವೇ ಕೂತ್ಕೊಂಡು ಪಾಠ ಹೇಳ್ತಿದ್ದೀರಿ."

"ಪಾಠ ಹೇಳಲ್ಲಮ್ಮ. ಪಾಠದ ಪುಸ್ತಕ ಸರಿ ಇದೆಯಾ ಅಂತ ನೋಡ್ತೀವಿ."

"ಇನ್ನೂ ಚೆನ್ನಾಯ್ತು. ಅವನು ಓದೋದು, ನೀವು ಪರೀಕ್ಷೆ ಬರೆಯೋದು."

ಮೇಲಿನ ಮನೆಯವರು ನಕ್ಕದ್ದು ಕೇಳಿಸಿತು. ನನಗೆ ನಗು ಬರಲಿಲ್ಲ.

ಮಾರ್ಚ್ 10, ಸೋಮವಾರ

ಶನಿವಾರ ಒಬ್ಬರು ತೀರಿಕೊಂಡಿದ್ದಾರೆ. ನಮ್ಮಿಂದ ಸಿಲಿಂಡರ್ ಪಡೆಯುತ್ತಿದ್ದ ಟೈಲರ್.

ನಡೆದದ್ದನ್ನು ನಮ್ಮ ಮೇಲ್ವಿಚಾರಕರು ನಿಂತುಕೊಂಡೇ ಹೇಳಿದರು. ಎಲ್ಲದಕ್ಕೂ "ಸರಾಸರಿ ತೆಗೆದ್ರೆ ನಾವು ಚೆನ್ನಾಗೇ ಇದ್ದೀವಿ" ಎನ್ನುವವರು, ಅದಕ್ಕೇ ನಾವು ಅವರನ್ನು ಸರಾಸರಿ ಎಂದು ಕರೆಯುವುದು. ಇವತ್ತೂ ಅದನ್ನೇ ಹೇಳಿದರು. ಸಾವಿರಾರು ಫೋನ್ ಕರೆಗಳಲ್ಲಿ ಒಂದಂತೆ.

ಟೈಲರ್ ಹತ್ತು ದಿನದ ಮಟ್ಟಿಗೆ ಕಿರಿಮಗಳ ಮನೆಗೆ ಹೊರಟಿದ್ದರು. ಅಲ್ಲಿಯವರೆಗೆ ಸಿಲಿಂಡರ್ ಬೇಡ ಎಂದು ಫೋನ್ ಮಾಡಿ ಹೇಳಿದರು. ಏಜೆಂಟ್ ಸರಬರಾಜು ನಿಲ್ಲಿಸಿತು. ವಾಪಸು ಬಂದಾಗ ಮನೆಯಲ್ಲಿ ಉಳಿದದ್ದು ಒಂದೇ ಸಿಲಿಂಡರ್. ಮತ್ತೆ ಫೋನ್ ಮಾಡಿ, ಗಾಡಿ ಯಾವತ್ತು ಬರುತ್ತೆ ಎಂದು ಕೇಳಿದರು. ಏಜೆಂಟ್ ದಿನ ತೋರಿಸುವ ಟೂಲ್ ನೋಡಿ ಗುರುವಾರ ಎಂದಿತು. ಆ ಬೀದಿಗೆ ಗಾಡಿ ಹೋಗುವುದು ಗುರುವಾರವೇ. ಆದರೆ ಟೈಲರ ಹೆಸರಿನ ಸರಬರಾಜು ನಿಂತಲ್ಲೇ ನಿಂತಿತ್ತು. ಗುರುವಾರ ಗಾಡಿ ಅವರ ಬಾಗಿಲ ಮುಂದೆಯೇ ಹಾದುಹೋಗಿದೆ.

ನಿಲ್ಲಿಸುವ ಟೂಲಿನ ವಿವರಣೆ ತೆಗೆದು ನೋಡಿದೆವು. "ರೋಗಿಯ ಮನೆಗೆ ಹೋಗುವ ಸರಬರಾಜನ್ನು ನಿಲ್ಲಿಸುತ್ತದೆ. ರೋಗಿ ಕೆಲವು ದಿನ ಊರಿನಲ್ಲಿ ಇಲ್ಲದಾಗ ಬಳಸಿ. ರೋಗಿಯ ಸಂಖ್ಯೆ ಕೊಡಬೇಕು." ಮುಗಿಯಿತು. ನಿಂತದ್ದು ತಾನಾಗಿ ಶುರುವಾಗುವುದಿಲ್ಲ, ಶುರುಮಾಡಲು ಬೇರೆ ಟೂಲ್ ಬಳಸಬೇಕು ಎಂಬ ಒಂದು ಸಾಲು ಇಲ್ಲ.

ಆ ವಿವರಣೆಗೆ ಐದಕ್ಕೆ ಐದು ಕೊಟ್ಟವಳು ದೊಡ್ಡಕ್ಕ. ನಮ್ಮಲ್ಲೆಲ್ಲ ಹಿರಿಯಳು. ಹನ್ನೆರಡು ವರ್ಷ ಫೋನ್ ಎತ್ತಿದವಳು. ಕೆಮ್ಮು ಕೇಳಿಯೇ ಯಾವ ಬೀದಿಯ ಯಾವ ಮನೆ ಎನ್ನುತ್ತಿದ್ದಳು.

ಸರಾಸರಿ ಹೋದ ಮೇಲೆ ಅವಳು ಆ ಮೂರು ಸಾಲನ್ನು ಮತ್ತೆ ಮತ್ತೆ ಓದಿದಳು.

ಮಾರ್ಚ್ 11, ಮಂಗಳವಾರ

ಟೈಲರ ಹಿರಿಮಗಳು ಬಂದಿದ್ದಳು. ಒಳಗೆ ಬಿಡಲಿಲ್ಲ. ಊಟಕ್ಕೆ ಇಳಿದಾಗ ಗೇಟಿನ ಹತ್ತಿರ ನಿಂತಿದ್ದಳು, ಕೈಯಲ್ಲಿ ಖಾಲಿ ಸಿಲಿಂಡರಿನ ಚಾವಿ.

"ಇಲ್ಲಿ ಕೆಲಸ ಮಾಡೋರಾ?" ಎಂದು ನನ್ನನ್ನೇ ಕೇಳಿದಳು.

ಹೌದು ಎಂದೆ.

"ಅಪ್ಪ ಗುರುವಾರ ಬೆಳಗ್ಗೆಯಿಂದ ಬಾಗಿಲು ತೆಗೆದಿಟ್ಟು ಕೂತಿದ್ರಂತೆ. ಗಾಡಿ ಹೋಗಿದ್ದು ನೋಡಿ ಪಕ್ಕದ ಮನೆಯವರಿಗೆ, ತಿರುಗಿ ಬರುವಾಗ ಕೊಡ್ತಾರೆ ಬಿಡಿ ಅಂದ್ರಂತೆ. ಯಾಕೆ ಹಾಗಂದ್ರು ಗೊತ್ತಾ? ಗುರುವಾರ ಬರುತ್ತೆ ಅಂತ ನೀವು ಹೇಳಿದ್ರಿ. ಅದಕ್ಕೆ."

ನಾನಲ್ಲ, ಏಜೆಂಟ್ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಕಾವಲುಗಾರ ಅವಳನ್ನು ದೂರ ಕಳಿಸಿದ. ಅವಳ ಫೋನ್ ನಂಬರ್ ಯಾಕೆ ಬರೆದುಕೊಂಡೆನೋ, ನನಗೇ ಗೊತ್ತಿಲ್ಲ.

ಮಾರ್ಚ್ 12, ಬುಧವಾರ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ದೊಡ್ಡಕ್ಕನನ್ನು ಕೆಲಸದಿಂದ ತಡೆಹಿಡಿದಿದ್ದಾರೆ.

ಮಧ್ಯಾಹ್ನ ಸರಾಸರಿ ನನ್ನನ್ನು ಕರೆದು ಕೂರಿಸಿದರು. ನೀರು ಕೊಟ್ಟರು. ನೀರು ಕೊಟ್ಟಾಗಲೇ ಗೊತ್ತಾಯಿತು.

"ನೋಡಿ ಮೇಡಂ, ನೀವು ಅವರ ಪಕ್ಕದಲ್ಲೇ ಕೂರೋರು. ಅವರು ಸರಿಯಾಗಿ ಓದದೆ ಅಂಕ ಹಾಕ್ತಿದ್ರು ಅಂತ ಎರಡು ಸಾಲು. ನಾವೇ ಬರೆದಿಡ್ತೀವಿ, ನೀವೊಂದು ಸಹಿ ಹಾಕಿ. ಮುಂದಿನ ಗುರುವಾರದೊಳಗೆ ಸಾಕು. ನಿಮ್ಮ ಕಾಯಂ ವಿಷಯಾನೂ ನನ್ನ ಮೇಜಿನ ಮೇಲೇ ಇದೆ."

"ಅವರು ಓದ್ತಿದ್ರು ಸರ್."

"ಓದಿದ್ರೆ ಐದು ಯಾಕೆ ಬಂತು?"

ಯೋಚಿಸುತ್ತೇನೆ ಎಂದು ಎದ್ದು ಬಂದೆ. ಥೂ ನನ್ನ ಬಾಯಿಗೆ. ಯೋಚಿಸುವುದು ಏನಿತ್ತು? ಆದರೂ ಕಾಯಂ ಎನ್ನುವ ಮಾತು ದಾರಿಯುದ್ದಕ್ಕೂ ನನ್ನ ಜೊತೆಯಲ್ಲೇ ನಡೆದು ಬಂತು. ಈ ಪುಟಗಳಲ್ಲಿ ಸುಳ್ಳು ಯಾಕೆ ಬರೆಯಲಿ?

ಮಾರ್ಚ್ 14, ಶುಕ್ರವಾರ

ಅವಳ ಕುರ್ಚಿಯನ್ನು ಪಕ್ಕದ ಕೋಣೆಯವರು ಎತ್ತಿಕೊಂಡು ಹೋದರು. ಇಪ್ಪತ್ತು ವಿವರಣೆ ಓದಿದೆ. ಒಂದೂ ನೆನಪಿಲ್ಲ.

ಮಾರ್ಚ್ 15, ಶನಿವಾರ

ದೊಡ್ಡಕ್ಕನ ಮನೆಗೆ ಹೋಗಿದ್ದೆ. ಅಳುತ್ತಿರುತ್ತಾಳೆ, ಸಮಾಧಾನ ಹೇಳಿ ಬರೋಣ ಎಂದುಕೊಂಡಿದ್ದೆ. ಅವಳು ಫೋನಿನಲ್ಲಿದ್ದಳು. ಕೂತುಕೋ ಎಂದು ಕೈಸನ್ನೆ ಮಾಡಿ ಮಾತು ಮುಂದುವರಿಸಿದಳು.

"ಚೆನ್ನಾಗಿದ್ದೀರಾ ಅಜ್ಜಿ? ನಾನು, ಮೊದಲು ಫೋನಲ್ಲಿ ಮಾತಾಡ್ತಿದ್ದೋಳು. ಎಲ್ಲಾದ್ರೂ ಹೋಗಿದ್ರಾ ಈಚೆಗೆ? ಸಿಲಿಂಡರ್ ಎಷ್ಟಿದೆ ಮನೇಲಿ? ಹೋಗಿ ನೋಡಿ ಹೇಳಿ, ನಾನು ಕಾಯ್ತೀನಿ."

ಸೋಮವಾರದಿಂದ ಇದೇ ಕೆಲಸ. ನೆನಪಿರುವ ಪ್ರತಿ ರೋಗಿಗೂ ಫೋನ್. ಟೈಲರ ಹಾಗೆ ಯಾರ ಸರಬರಾಜು ನಿಂತಿದೆ ಎಂದು ಕಂಪನಿ ಹುಡುಕುತ್ತಿಲ್ಲ, ಹಾಗಾಗಿ ಇವಳೇ ಹುಡುಕುತ್ತಿದ್ದಾಳೆ. ಇಬ್ಬರು ಸಿಕ್ಕಿದ್ದಾರೆ. ಒಬ್ಬರು ಬಸ್ ಕಂಡಕ್ಟರ್ ಆಗಿದ್ದವರು, ಇನ್ನೊಬ್ಬಳು ಬಾಣಂತಿ. ಇಬ್ಬರಿಗೂ ಬೇರೆ ಕಡೆಯಿಂದ ಸಿಲಿಂಡರ್ ಕೊಡಿಸಿದ್ದಾಳೆ.

"ದೊಡ್ಡಕ್ಕಾ, ಐದು ಯಾಕೆ ಕೊಟ್ಟೆ?" ಎಂದು ಕೇಳಿಯೇಬಿಟ್ಟೆ.

ಅವಳಿಗೆ ಕೋಪ ಬರಲಿಲ್ಲ. "ನಾವು ಫೋನ್ ಎತ್ತುವಾಗ ಏನ್ ಮಾಡ್ತಿದ್ವಿ ಹೇಳು? ಯಾರಾದ್ರೂ ನಿಲ್ಲಿಸಿ ಅಂದ್ರೆ, ವಾಪಸ್ ಯಾವತ್ತು ಬರ್ತೀರಿ ಅಂತ ಕೇಳಿ, ಆ ತಾರೀಖಿಗೆ ಶುರುಮಾಡೋದನ್ನೂ ಆಗಲೇ ಹಾಕಿಬಿಡ್ತಿದ್ವಿ. ಕೈಗೆ ಅಷ್ಟು ರೂಢಿ. ಆಮೇಲೆ ಏನಾಗುತ್ತೆ ಅನ್ನೋ ಪ್ರಶ್ನೆ ಓದಿದೆ. ಉತ್ತರ ನನ್ನ ತಲೇಲಿತ್ತು. ಹಾಳೆ ಮೇಲೆ ಇದೆಯಾ ಅಂತ ನೋಡಲಿಲ್ಲ ಕಣೇ. ನನಗೆ ಗೊತ್ತಿತ್ತು, ಅದಕ್ಕೇ ನನಗೆ ಕಾಣಲಿಲ್ಲ."

ಮತ್ತೆ ಫೋನ್ ಕೈಗೆತ್ತಿಕೊಂಡು, "ಗೊತ್ತಿಲ್ಲದೋಳಾಗಿದ್ರೆ ಆ ಮನುಷ್ಯ ಬದುಕ್ತಿದ್ರು" ಎಂದಳು. ಸಹಿಯ ವಿಷಯ ನಾನು ಹೇಳಲಿಲ್ಲ.

ಮಾರ್ಚ್ 16, ಭಾನುವಾರ

ಬೆಳಗಿನಿಂದ ಒಂದೇ ಯೋಚನೆ. ಗೊತ್ತಿಲ್ಲದವರ ಕೈಗೆ ಆ ವಿವರಣೆ ಕೊಟ್ಟರೆ ಏನಾಗುತ್ತದೆ?

ನಮ್ಮ ಮನೆಯಲ್ಲಿ ಏನೂ ಗೊತ್ತಿಲ್ಲದವಳು ಅಮ್ಮ. ಮೂರು ಟೂಲಿನ ವಿವರಣೆಗಳನ್ನು ದಪ್ಪ ಅಕ್ಷರದಲ್ಲಿ ಬೇರೆ ಬೇರೆ ಕಾಗದಕ್ಕೆ ಬರೆದೆ. ನಿಲ್ಲಿಸು, ಶುರುಮಾಡು, ದಿನ ತೋರಿಸು. "ಅಮ್ಮಾ, ನೀನೇ ಏಜೆಂಟ್. ನಾನು ರೋಗಿ. ನಾನು ಕೇಳಿದ್ದಕ್ಕೆ ಸರಿಯಾದ ಕಾಗದ ಎತ್ತು" ಎಂದು ಕೂಗಿದೆ.

"ಬಂದ್ಯಾ ದಾರಿಗೆ! ಮೆಷಿನ್ನು ಮನೆಗೇ ತಂದೆ" ಎನ್ನುತ್ತ ಕನ್ನಡಕ ಹಾಕಿಕೊಂಡಳು.

"ಹತ್ತು ದಿನ ಊರಲ್ಲಿರಲ್ಲ, ಸಿಲಿಂಡರ್ ಬೇಡ."

ನಿಲ್ಲಿಸು ಕಾಗದವನ್ನು ಎತ್ತಿ ಮೇಜಿಗೆ ಬಡಿದಳು.

"ವಾಪಸ್ ಬಂದೆ. ಗಾಡಿ ಯಾವತ್ತು ಬರುತ್ತೆ?"

ದಿನ ತೋರಿಸು ಕಾಗದ ಎತ್ತಿದಳು. ಅದರ ಹಿಂದೆ ನಾನು ಬರೆದಿದ್ದನ್ನು ಓದಿದಳು. "ಗುರುವಾರ."

"ಗುರುವಾರ ಬರಲಿಲ್ಲ."

"ಬರಲಿಲ್ಲ ಅಂದ್ರೆ? ಗುರುವಾರ ಅಂತ ಇಲ್ಲಿ ಇದೆಯಲ್ಲ!"

"ನೀನು ಶುರುಮಾಡು ಕಾಗದ ಎತ್ತಲೇ ಇಲ್ವಲ್ಲಮ್ಮ."

"ಎತ್ತು ಅಂತ ಎಲ್ಲಿ ಬರೆದಿದೆ? ಇದರಲ್ಲಿ ಹೊಸ ರೋಗಿಗೆ ಸರಬರಾಜು ಶುರುಮಾಡುತ್ತದೆ ಅಂತಿದೆ. ನೀನು ಹಳೇ ರೋಗಿ. ನನಗೇನು ಕನಸು ಬೀಳುತ್ತಾ?" ಬೈದು ಮುಗಿಸುವಷ್ಟರಲ್ಲಿ ಅವಳಿಗೆ ಏನೋ ಹೊಳೆಯಿತು. ಕಾಗದಗಳನ್ನು ಮೆಲ್ಲಗೆ ಕೆಳಗಿಟ್ಟಳು. "ಆ ಟೈಲರಿಗೆ ಹೀಗೇ ಆಯ್ತಾ?"

ಹೌದು ಎಂದು ತಲೆಯಾಡಿಸಿದೆ.

ಅಮ್ಮ ಆಮೇಲೆ ಊಟ ಮಾಡಲಿಲ್ಲ. ನಾನೇ ಕೊಂದ ಹಾಗಾಯ್ತಲ್ಲೇ ಎಂದು ಮೂರು ಸಲ ಅಂದಳು.

ಮಾರ್ಚ್ 17, ಸೋಮವಾರ

ನಮ್ಮ ಕೋಣೆಯಲ್ಲಿ ಎಲ್ಲದಕ್ಕೂ ಗೇಲಿ ಮಾಡುವ ಹುಡುಗನಿದ್ದಾನೆ, ಬಾಯಿಬಡಕ ಎಂದೇ ಕರೆಯುತ್ತೇವೆ. ಊಟದ ಹೊತ್ತಿನಲ್ಲಿ ಅವನಿಗೆ ಅಮ್ಮನ ಆಟವನ್ನು ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ. ತಿನ್ನುವುದನ್ನು ನಿಲ್ಲಿಸಿದ.

"ಅಕ್ಕಾ, ಇದೇ ಅಲ್ವಾ ಅವರು ಕಿತ್ತು ಹಾಕಿದ್ದು? ಓಡಿಸಿ ನೋಡೋದು?"

ಹೌದು. ಅದೇ.

ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಹೆಂಗಸನ್ನೂ ಗೇಟಿನ ಕಾವಲುಗಾರನನ್ನೂ ಕರೆದು ಕೂರಿಸಿದೆವು. ಇಬ್ಬರೂ ಯಾವತ್ತೂ ನಮ್ಮ ಫೋನ್ ಎತ್ತಿದವರಲ್ಲ. ಈ ಸಲ ಬೇರೆ ವಿವರಣೆ ಕೊಟ್ಟೆವು, ವಿಳಾಸ ಬದಲಿಸುವ ಟೂಲಿನದು. ನಾವೆಲ್ಲ ಓದಿ ಐದು ಕೊಡುವಂಥದ್ದು. ಬೆಳಗ್ಗೆ ಗಾಡಿ ತುಂಬಿದ ಮೇಲೆ ವಿಳಾಸ ಬದಲಿಸಿದರೆ ಅವತ್ತಿನ ಸಿಲಿಂಡರ್ ಹಳೆಯ ಮನೆಗೇ ಹೋಗುತ್ತದೆ. ನಮಗೆಲ್ಲ ಗೊತ್ತು. ಹಾಳೆಯಲ್ಲಿ ಇಲ್ಲ. ಕಾವಲುಗಾರ ನಿಶ್ಚಿಂತೆಯಿಂದ ವಿಳಾಸ ಬದಲಿಸಿ, ಇವತ್ತೇ ಹೊಸ ಮನೆಗೆ ಬರುತ್ತೆ ಹೋಗಿ ಎಂದುಬಿಟ್ಟ.

"ಇದು ತಪ್ಪಾ?" ಎಂದು ನಮ್ಮ ಮುಖ ನೋಡಿದ.

"ನಿಮ್ಮದಲ್ಲ ಅಣ್ಣ" ಎಂದ ಬಾಯಿಬಡಕ. ಅವನು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಮಾರ್ಚ್ 18, ಮಂಗಳವಾರ

ಇವತ್ತು ಕೋಣೆಯ ಎಲ್ಲರೂ ಬುತ್ತಿ ಹಿಡಿದು ಕ್ಯಾಂಟೀನಿಗೆ ಬಂದರು. ಯಾರು ಕರೆದರೋ. ಪಾತ್ರೆ ತೊಳೆಯುವ ಹೆಂಗಸು ತನ್ನ ತಂಗಿಯನ್ನೂ ಕರೆತಂದಿದ್ದಳು, "ಇವಳಿಗೆ ನನಗಿಂತ ಗೊತ್ತಿಲ್ಲ" ಎಂದು ಹೆಮ್ಮೆಯಿಂದ. ಒಂದು ಊಟದ ಹೊತ್ತಿಗೆ ಏಳು ವಿವರಣೆ ಓಡಿಸಿದೆವು. ನಾಲ್ಕರಲ್ಲಿ ಹಳ್ಳ, ನಮಗೆ ಗೊತ್ತಿದ್ದು ಹಾಳೆಯಲ್ಲಿ ಇಲ್ಲದ್ದು. ನಾಲ್ಕಕ್ಕೂ ಒಳ್ಳೆಯ ಅಂಕ ಬಿದ್ದಿದೆ. ಕೊಟ್ಟವರು ಬೇರೆ ಬೇರೆ ಜನ, ಎಲ್ಲರೂ ಹಳೆಯ ಕೈಗಳು.

ಹಾಗಾದರೆ ದೊಡ್ಡಕ್ಕ ಓದದೆ ಅಂಕ ಕೊಟ್ಟಳು ಎನ್ನುವುದು ಸುಳ್ಳು. ಹಳಬರಿಗೆ ಬರೀ ಓದಿ ಅಂಕ ಕೊಡಿ ಎಂದರೆ ಯಾರೇ ಆದರೂ ಹಳ್ಳಕ್ಕೆ ಬೀಳುತ್ತಾರೆ. ಬೀಳದಂತೆ ಕಟ್ಟಿದ್ದ ಕಟ್ಟೆಯೇ ಓಡಿಸಿ ನೋಡುವುದು. ಅದನ್ನು ಒಡೆದವರು ಸಮಯ ಉಳಿಸಿದರು. ಟೈಲರು ಆ ಉಳಿದ ಸಮಯದ ಬೆಲೆ ತೆತ್ತರು.

ಸಂಜೆ ಟೈಲರ ಹಿರಿಮಗಳಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. "ಬೇರೆ ಯಾರಿಗೂ ಹೀಗಾಗಬಾರದು ಅಂತ ಹೇಳಲ್ಲ ನಾನು. ನನಗೆ ನಮ್ಮಪ್ಪ ಬೇಕಿತ್ತು" ಎಂದಳು. ನಾನು ಫೋನ್ ಇಡಲಿಲ್ಲ. ಅವಳೂ ಇಡಲಿಲ್ಲ.

ಮಾರ್ಚ್ 20, ಗುರುವಾರ

ಬರೆದಿಟ್ಟುಕೊಳ್ಳಬೇಕು, ಒಂದೂ ಬಿಡದೆ.

ಬೆಳಗ್ಗೆ ಸರಾಸರಿ ಕಾಗದ ಹಿಡಿದು ನಮ್ಮ ಕೋಣೆಗೇ ಬಂದರು. ಮೇಜಿನ ಮೇಲಿಟ್ಟು ಪೆನ್ನನ್ನೂ ಇಟ್ಟರು. ದೊಡ್ಡಕ್ಕನ ಹೆಸರು, ಅವಳು ಓದುತ್ತಿರಲಿಲ್ಲ ಎನ್ನುವ ಮಾತು, ಕೆಳಗೆ ನನ್ನ ಸಹಿಗೆ ಜಾಗ.

ನಾನು ಎತ್ತಿಕೊಂಡು ಓದಿದೆ. ಓದುವುದೇ ನನ್ನ ಕೆಲಸವಲ್ಲವೇ. "ಸರ್, ಇದು ಏನು ಮಾಡುತ್ತೆ ಅಂತ ಬರೆದಿಲ್ಲ" ಎಂದೆ.

"ಏನ್ರೀ?"

"ಯಾವಾಗ ಬಳಸ್ತೀರಿ ಅಂತಾನೂ ಇಲ್ಲ, ಯಾವಾಗ ಬಳಸಲ್ಲ ಅಂತಾನೂ ಇಲ್ಲ. ನಾನು ಕೊಡೋದು ಸಹಿ, ಅದು ಮಾತ್ರ ಇದೆ. ಆಮೇಲೆ ಏನಾಗುತ್ತೆ? ದೊಡ್ಡಕ್ಕ ಮನೆಗೆ ಹೋಗ್ತಾರೆ. ಓಡಿಸಿ ನೋಡೋದು ಬರಲ್ಲ. ಹಳ್ಳ ಬಿದ್ದ ವಿವರಣೆಗಳು ಹಾಗೇ ಇರ್ತವೆ. ಮುಂದಿನ ಗುರುವಾರ ಇನ್ಯಾರದೋ ಬಾಗಿಲ ಮುಂದೆ ಗಾಡಿ ಹಾದುಹೋಗುತ್ತೆ. ಅದನ್ನೆಲ್ಲ ಬರೆದಿಲ್ಲ. ಐದಕ್ಕೆ ಒಂದು ಕೊಡ್ತೀನಿ ಸರ್. ಸಹಿ ಹಾಕಲ್ಲ."

ನನ್ನ ದನಿ ಜೋರಾಯಿತಂತೆ. ಪಕ್ಕದ ಕೋಣೆಯಿಂದೆಲ್ಲ ಜನ ಬಂದು ನಿಂತಿದ್ದರು. ದಿನಾ ಅಮ್ಮನ ಜೊತೆ ಮಾತಾಡಿ ಅಭ್ಯಾಸ, ಬೇರೇನಿಲ್ಲ.

"ನಿಮ್ಮ ಕಾಯಂ..." ಎಂದು ಶುರುಮಾಡಿದರು.

"ಸರಾಸರಿ ತೆಗೆದ್ರೆ ನಾವು ಯಾರೂ ಕಾಯಂ ಅಲ್ಲ ಸರ್" ಎಂದ ಬಾಯಿಬಡಕ. ನಕ್ಕದ್ದು ಯಾರೋ ಒಬ್ಬರು ಮಾತ್ರ. ಉಳಿದವರು ಒಬ್ಬೊಬ್ಬರಾಗಿ ಎದ್ದು ನಿಂತರು.

ಸರಾಸರಿ ಕಾಗದ ಮಡಚಿಕೊಂಡು ಹೋದರು. ದೊಡ್ಡಕ್ಕನ ವಿಷಯ ಸೋಮವಾರ ಮೇಲಿನವರು ತೀರ್ಮಾನಿಸುತ್ತಾರಂತೆ. ಸಂಜೆಯ ಹೊತ್ತಿಗೆ ನಿಲ್ಲಿಸುವ ಟೂಲಿನ ವಿವರಣೆಗೆ ಹೊಸ ಸಾಲು ಸೇರಿತ್ತು, ಯಾರ ಹೆಸರೂ ಇಲ್ಲದೆ: "ನಿಂತ ಸರಬರಾಜು ತಾನಾಗಿ ಶುರುವಾಗುವುದಿಲ್ಲ." ಊರು ಕೊಳ್ಳೆ ಹೋದ ಮೇಲೆ ಕೋಟೆಗೆ ಬಾಗಿಲು. ಆದರೂ ಬಾಗಿಲೇ. ಉಳಿದ ಹಳ್ಳಗಳನ್ನು ಇನ್ನೂ ಯಾರೂ ಮುಚ್ಚಿಲ್ಲ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ವಠಾರಕ್ಕೂ ಹೇಳಿದ ಹಾಗಾಯಿತು. ಅಮ್ಮ ಎಲ್ಲ ಕೇಳಿ, "ಎಷ್ಟು ಜನ ಬರ್ತಾರೆ?" ಎಂದಳು.

"ಎಲ್ಲಿಗೆ?"

"ಇಲ್ಲಿಗೆ ಕಣೇ. ಸೋಮವಾರದ ತೀರ್ಮಾನಕ್ಕೆ ಮೊದಲು ಕೂತು ಮಾತಾಡಬೇಡ್ವಾ? ಹಾಸೋಕೆ ಎಷ್ಟು ಚಾಪೆ ಬೇಕು ಅಂತ ಕೇಳ್ದೆ."

ಮೇಲಿನ ಮನೆಯವರು ಮಹಡಿಯಿಂದಲೇ, "ನಮ್ಮಲ್ಲಿ ಎರಡಿದೆ" ಎಂದು ಕೂಗಿದರು.

ಎಲ್ಲರಿಗೂ ಕಳಿಸಬೇಕಾದದ್ದನ್ನು ಬರೆದೆ. ಎರಡು ಸಲ ಹರಿದೆ. ಆಮೇಲೆ ಅಮ್ಮನ ಕೈಗೆ ಕೊಟ್ಟು, ಏನೂ ಗೊತ್ತಿಲ್ಲದವಳ ಹಾಗೆ ಓದು ಎಂದೆ. ಓದಿ, "ತಡವಾಗಿ ಬಂದೋರು ಏನ್ ಮಾಡಬೇಕು ಅಂತ ಬರೆದಿಲ್ಲ" ಎಂದಳು. ಅದನ್ನೂ ಸೇರಿಸಿದೆ. ಕಳಿಸಿದ್ದು ಇದು:

ಸಭೆ. ದೊಡ್ಡಕ್ಕನನ್ನು ಕೆಲಸಕ್ಕೆ ವಾಪಸು ಕರೆಸುವುದು, ಓಡಿಸಿ ನೋಡುವುದನ್ನು ಮತ್ತೆ ತರಿಸುವುದು, ಹಳ್ಳವಿರುವ ವಿವರಣೆಗಳನ್ನು ಸೋಮವಾರದೊಳಗೆ ಹಿಂದಕ್ಕೆ ತೆಗೆಸುವುದು, ಇದಕ್ಕಾಗಿ. ದೊಡ್ಡಕ್ಕ ಇರುತ್ತಾಳೆ. ಟೈಲರ ಮಗಳು ಬರುತ್ತೇನೆ ಎಂದಿದ್ದಾಳೆ. ಬರುವವರು ತಮಗೆ ಗೊತ್ತಿರುವುದನ್ನು ಹಾಳೆಯಲ್ಲಿ ಬರೆದು ತರಬೇಕು, ತಲೆಯಲ್ಲಿ ಇಟ್ಟುಕೊಂಡು ಬರಬಾರದು. ತಡವಾದವರು ಬಾಗಿಲು ತಟ್ಟುವುದು ಬೇಡ, ತೆರೆದಿರುತ್ತದೆ. ನಮ್ಮ ಮನೆ, ಭಾನುವಾರ, ಮಾರ್ಚ್ 23, ಸಂಜೆ ನಾಲ್ಕು ಗಂಟೆ.